ಹೊಸಿಲ ಮುಂದಿನ ನೀರು

ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಗೆ ಪ್ಯಾಂಟು ತೊಟ್ಟವರು ಬಂದರೆ ಒಂದೋ ತಕ್ಕಡಿ ಪರೀಕ್ಷೆ ಮಾಡುವ ಇಲಾಖೆಯವರಾಗಿರಬೇಕು, ಇಲ್ಲ ದಾರಿ ತಪ್ಪಿದವರಾಗಿರಬೇಕು. ಶ್ರೀನಿವಾಸಪ್ಪ ಎರಡೂ ಆಗಿರಲಿಲ್ಲ. ಅವನು ಬೂದಿಕೋಟೆಯವನು. ಮದರಾಸಿನ ಸ್ಟುಡಿಯೋಗಳಲ್ಲಿ ಕಂಡವರ ಸಿನಿಮಾಗಳಿಗೆ ಓಡಾಡಿ ಚಪ್ಪಲಿ ಸವೆಸಿ, ಈಗ ತನ್ನದೇ ಒಂದು ಸಿನಿಮಾ ಮಾಡುತ್ತೇನೆಂದು ಹೊರಟಿದ್ದ. ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದ ಹೆಂಗಸರ ಸಾಲನ್ನು ಒಂದು ತುದಿಯಿಂದ ನೋಡಿಕೊಂಡು ಬಂದವನು ಮುನಿಶಾಮಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ನೀವು ನಂದಿದುರ್ಗದ ಗಣಿ ಲೈನಲ್ಲಿ ಇದ್ರಲ್ವಾ?" ಅಂದ.

"ಇಲ್ಲಪ್ಪ, ನಮ್ದು ಮಾಲೂರು ಕಡೆ," ಅಂದಳು ಮುನಿಶಾಮಮ್ಮ, ತಲೆ ಎತ್ತದೆ.

"ಕೋದಂಡಪ್ಪನವರ ಮನೆಯವರು..."

ಅವಳು ಕೈಯಲ್ಲಿದ್ದ ಕುಟ್ಟುವ ಕಲ್ಲನ್ನು ಕೆಳಗಿಟ್ಟು ಎದ್ದು, ಅವನನ್ನು ಹೆಚ್ಚು ಕಡಿಮೆ ತಳ್ಳಿಕೊಂಡೇ ಮಂಡಿಯ ಹಿಂದಿನ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು. "ಈ ಊರಾಗೆ ಆ ಎಸರು ಎತ್ತಬೇಡ ಕಣಪ್ಪ. ನಾನಿಲ್ಲಿ ನಾಕು ಜನದ ಮಧ್ಯೆ ಬಾಳಬೇಕು," ಅಂದಳು. ಅವಳಿದ್ದ ವಠಾರದಲ್ಲಿ ಅವಳ ಗಂಡ ಬೊಂಬಾಯಿಯಲ್ಲಿ ಹಡಗಿಗೆ ಮೂಟೆ ಹೊರುವ ಕೆಲಸದಲ್ಲಿದ್ದಾನೆ ಎಂದು ಎಲ್ಲರೂ ನಂಬಿದ್ದರು. ಅಷ್ಟು ವರ್ಷ ಊರಿಗೇ ಬಾರದ ಗಂಡನ ಬಗ್ಗೆ ಅವರು ಒಳಗೊಳಗೇ ಏನಂದುಕೊಂಡಿದ್ದರೋ, ಬಾಯಿ ಬಿಟ್ಟು ಕೇಳಿದವರಿಲ್ಲ. ಆ ಮಟ್ಟಿಗೆ ಒಳ್ಳೆಯ ಜನ.

ಶ್ರೀನಿವಾಸಪ್ಪ ಅವತ್ತು ಹೋದ. ಆದರೆ ಬಿಡಲಿಲ್ಲ, ಮತ್ತೆ ಬಂದ, ಮತ್ತೂ ಬಂದ. ಕೋದಂಡಪ್ಪನ ಕೇಸನ್ನೇ ಸಿನಿಮಾ ಮಾಡಬೇಕು ಅನ್ನುವ ಹುಚ್ಚು ಅವನಿಗೆ ಚಿಕ್ಕಂದಿನಿಂದ ಹತ್ತಿಕೊಂಡಿತ್ತಂತೆ. ಕೇಸು ನಡೆಯುತ್ತಿದ್ದಾಗ ಬೂದಿಕೋಟೆಯ ಅರಳಿಕಟ್ಟೆಯಲ್ಲಿ ಪೇಪರು ಓದಿ ಹೇಳುವವರ ಸುತ್ತ ಊರೇ ನೆರೆಯುತ್ತಿತ್ತಂತೆ. ಮುನಿಶಾಮಮ್ಮನಿಗೆ ಅದನ್ನು ಕೇಳಿ ಮೈ ಉರಿಯಿತು. ತನ್ನ ಮನೆ ಮುಳುಗುತ್ತಿದ್ದಾಗ ಜನ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಬೈದು ಕಳಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ಮಾತು ಹೇಳಿದ.

"ಅಕ್ಕ, ಕೋರ್ಟಿನ ತೀರ್ಪು ಓದಿದೀನಿ. ಯಾಕೋ ನಂಗೆ, ಅಣ್ಣ ಆ ಕೆಲ್ಸ ಮಾಡಿದಾರೆ ಅನ್ನಿಸ್ಲಿಲ್ಲ."

ಹನ್ನೆರಡು ವರ್ಷದಲ್ಲಿ ಯಾರೂ ಆಡದ ಮಾತು ಅದು. ಅವಳ ತಂದೆ ಆಡಿರಲಿಲ್ಲ, ಸರ್ಕಾರ ಕೊಟ್ಟ ವಕೀಲರು ಕೂಡ ಆಡಿರಲಿಲ್ಲ. ಮುನಿಶಾಮಮ್ಮ ಬೇವಿನ ಬುಡದಲ್ಲಿ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತಾದ ಮೇಲೆ ಹೇಳಿದಳು.

ಬಿಳಿ ದೊರೆಗಳು ಇನ್ನೂ ಗಣಿ ನಡೆಸುತ್ತಿದ್ದ ಕಾಲ. ಕೋದಂಡಪ್ಪ ನಂದಿದುರ್ಗದ ಚಿನ್ನದ ಗಣಿಯೊಳಕ್ಕೆ ಇಳಿಯುತ್ತಿದ್ದವನು. ಕೂಲಿಯವರಿಗೆ ಕಂಪನಿ ಕಟ್ಟಿಕೊಟ್ಟ ಸಾಲುಮನೆಗಳ ಲೈನಿನಲ್ಲಿ ಅವರ ಸಂಸಾರ. ಒಂದು ದಿನ ರಾತ್ರಿಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವಾಗ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದಲ್ಲಿ ಕಾವಲುಗಾರ ಚಿಕ್ಕವೆಂಕಟಪ್ಪ ತಲೆ ಒಡೆದು ಬಿದ್ದಿದ್ದ. ಇನ್ನೂ ಉಸಿರಾಡುತ್ತಿದ್ದ. ಕೋದಂಡಪ್ಪ ಅವನನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. ಅಲ್ಲೇ ಅವನ ಪ್ರಾಣ ಹೋಯಿತು. ದಿಕ್ಕು ತೋಚದೆ ಕೋದಂಡಪ್ಪ ಮನೆಗೆ ಓಡಿ ಬಂದ.

ಮನೆಯೊಳಗೆ ಮಾರಿಯಮ್ಮನ ಕಳಸ ಕೂತಿತ್ತು, ಮುನಿಶಾಮಮ್ಮ ಕಂಕಣ ಕಟ್ಟಿಕೊಂಡಿದ್ದಳು. ಹೆಣ ಮುಟ್ಟಿ ಬಂದವನು ಹೊಸಿಲು ದಾಟುವುದುಂಟೇ? "ಅಲ್ಲೇ ನಿಂತ್ಕೋ" ಅಂದಳು. ಹಂಡೆಯ ನೀರು ತಂದು, ಅವನನ್ನು ಮುಟ್ಟದೆ, ಮುಖ ನೋಡದೆ, ತಲೆಯ ಮೇಲಿಂದ ಸುರಿದಳು. ಅವನು ಕಳಚಿದ ಬಟ್ಟೆಯನ್ನು ಕೋಲಿನಿಂದ ಎತ್ತಿ ಮೋರಿಗೆ ಹಾಕಿ ಒಗೆದಳು. ಸಾವಿನ ಮನೆಯಿಂದ ಬಂದವರಿಗೆ ಲೈನಿನ ಎಲ್ಲ ಹೆಂಗಸರೂ ಮಾಡುವುದು ಅದನ್ನೇ. ಒಣಬಟ್ಟೆ ಉಡಿಸಿ, "ಈಗ ಓಗಿ ಸ್ಟೇಷನ್ನಾಗೆ ಯೋಳು" ಎಂದು ಕಳಿಸಿದವಳೂ ಅವಳೇ. ಒದ್ದೆ ತಲೆಯಲ್ಲಿ, ಮಡಿಬಟ್ಟೆಯಲ್ಲಿ ಹೋಗಿ, ಅಲ್ಲೊಂದು ಹೆಣ ಬಿದ್ದಿದೆ ಸ್ವಾಮಿ ಎಂದವನನ್ನು ಯಾವ ಪೊಲೀಸಿನವನು ಬಿಟ್ಟಾನು?

ಕೋರ್ಟಿನಲ್ಲಿ ಅವಳನ್ನೇ ನಿಲ್ಲಿಸಿ ಕೇಳಿದರು. ಬಟ್ಟೆ ಒಗೆದೆಯಾ? ಒಗೆದೆ. ಅದರಲ್ಲಿ ರಕ್ತ ಇತ್ತಾ? ಇತ್ತು. ಮಾರಿಯಮ್ಮನ ಮೇಲೆ ಆಣೆ ಮಾಡಿ ಸುಳ್ಳು ಹೇಳುವುದು ಅವಳಿಗೆ ಗೊತ್ತಿರಲಿಲ್ಲ. ಯಾಕೆ ಒಗೆದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದೆ ಹೇಳಹೋದರೆ ಗದರಿದರು. ಜೀವಾವಧಿ ಆಯಿತು. ಕಂಪನಿಯ ಕೆಲಸ ಹೋದ ಮೇಲೆ ಕಂಪನಿಯ ಮನೆಯೂ ಹೋಯಿತು. ಅವಳು ಗಂಟು ಕಟ್ಟಿಕೊಂಡು ಬಂಗಾರಪೇಟೆಗೆ ಬಂದಳು. ಮಕ್ಕಳಿರಲಿಲ್ಲ, ಅದೊಂದು ಪುಣ್ಯವೋ ಪಾಪವೋ ಅವಳಿಗೇ ತಿಳಿಯದು.

"ಇದನ್ನೆಲ್ಲ ನಿನ್ ಸಿನಿಮಾದಾಗೆ ಇದ್ದಂಗೆ ತೋರಿಸ್ತೀಯಾ?" ಎಂದು ಕೇಳಿದಳು.

"ಅದಕ್ಕೇ ಅಲ್ವಾ ಅಕ್ಕ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು," ಅಂದ ಶ್ರೀನಿವಾಸಪ್ಪ. ಅವನು ಆಗ ಸುಳ್ಳು ಹೇಳಲಿಲ್ಲ. ಈ ಕತೆಯ ದೊಡ್ಡ ತೊಂದರೆಯೇ ಅದು. ಇದರಲ್ಲಿ ಸುಳ್ಳುಗಾರ ಅಂತ ಹಿಡಿದು ಬಡಿಯೋಣವೆಂದರೆ ಒಬ್ಬನೂ ಸಿಗುವುದಿಲ್ಲ.

ಶೂಟಿಂಗು ನಂದಿದುರ್ಗದ ಲೈನುಗಳಲ್ಲೇ ನಡೆಯಿತು. ಸಿನಿಮಾದವರು ಬಂದರೆಂದರೆ ಬೀದಿನಾಯಿಗಳಿಗೂ ಒಂದು ಠೀವಿ ಬಂದುಬಿಡುತ್ತದೆ. ಲೈನಿನ ಹೆಂಗಸರು ಪೆಟ್ಟಿಗೆಯ ಸೀರೆ ತೆಗೆದು ಉಟ್ಟು, ತಮಿಳು ತೆಲುಗು ಕನ್ನಡ ಮೂರರಲ್ಲೂ ಮದರಾಸಿನ ನಟಿಯ ಮೂಗು ಮೂತಿ ಅಳೆಯುತ್ತ ನಿಂತಿದ್ದರು. ಮುನಿಶಾಮಮ್ಮ ಮಂಡಿಯವರಿಗೆ ಜ್ವರವೆಂದು ಹೇಳಿ ಬಂದಿದ್ದಳು. ತನ್ನ ಹಳೆಯ ಮನೆಯಂಥದೇ ತಟ್ಟಿಯ ಮನೆ, ಅಂಥದೇ ಮೋಟು ಹೊಸಿಲು.

ನಟಿ ಚೊಂಬಿನಲ್ಲಿ ನೀರು ತೆಗೆದುಕೊಂಡು ದೇವರಿಗೆ ಅಭಿಷೇಕ ಮಾಡುವವಳ ಹಾಗೆ ಗಂಡನ ಪಾತ್ರದವನ ನೆತ್ತಿಗೆ ಸುರಿದಳು. ಮುನಿಶಾಮಮ್ಮನಿಗೆ ಸುಮ್ಮನಿರಲು ಆಗಲಿಲ್ಲ. "ಅಂಗಲ್ಲ ಕಣಮ್ಮ" ಎಂದು ಮುಂದೆ ಬಂದಳು. ದೂರ ನಿಲ್ಲಬೇಕು. ಮುಟ್ಟಬಾರದು. ಅವನ ಮುಖ ನೋಡಬಾರದು, ನೋಡಿದರೆ ಸಾವು ನಿನ್ನ ಕಣ್ಣಿಗೂ ಹತ್ತುತ್ತದೆ. ಬಟ್ಟೆಯನ್ನು ಕೈಯಲ್ಲಿ ಎತ್ತಬಾರದು, ಕೋಲು ತಾ. ಬಿಂದಿಗೆ ಹಿಡಿದು, ಕೋಲು ಹಿಡಿದು, ಒಂದೊಂದನ್ನೂ ಮಾಡಿ ತೋರಿಸಿದಳು. ನಿಂತವರೆಲ್ಲ ಹತ್ತಿರ ನೆರೆದು ನೋಡುತ್ತಿದ್ದರು. ಶ್ರೀನಿವಾಸಪ್ಪನ ಮುಖ ಹಬ್ಬದ ದಿನದ ಮಕ್ಕಳ ಮುಖದಂತಾಗಿತ್ತು. "ಅಕ್ಕ, ಇದೇ ನನ್ ಸಿನಿಮಾ," ಅಂದ. "ಇದೊಂದು ಸೀನು ಸಾಕು."

ಆ ಸಂಜೆ ರೈಲಿನಲ್ಲಿ ಬಂಗಾರಪೇಟೆಗೆ ಮರಳುವಾಗ ಅವಳ ಎದೆ ಹಗುರವಾಗಿತ್ತು. ಕೋರ್ಟು ಕೇಳದೆ ಬಿಟ್ಟಿದ್ದನ್ನು ಈಗ ಕ್ಯಾಮೆರಾ ಕೇಳಿತ್ತು. ಇನ್ನು ಊರೂರು ನೋಡುತ್ತದೆ, ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಳು.

ಮುಂದಿನ ವರ್ಷ ಕೋದಂಡಪ್ಪನ ಬಿಡುಗಡೆಯಾಯಿತು. ಶಿಕ್ಷೆಯಲ್ಲಿ ಅಷ್ಟಿಷ್ಟು ಕಳೆದು ಬಿಟ್ಟರು. ಬೆಂಗಳೂರಿನ ಜೈಲಿನ ಬಾಗಿಲಿಂದ ಅವಳು ಕರೆದುಕೊಂಡು ಬಂದದ್ದು ತಲೆ ನರೆತ, ಯಾರು ಕರೆದರೂ ಎದ್ದು ನಿಲ್ಲುವ ಒಬ್ಬ ಗಂಡಸನ್ನು. ವಠಾರದ ಒಡತಿ ವರಲಕ್ಷ್ಮಮ್ಮ, "ಬೊಂಬಾಯಿ ನೀರು ಒಗ್ಗಲಿಲ್ಲ ಅಂತ ಕಾಣ್ತದೆ," ಅಂದಳು. ಕೋದಂಡಪ್ಪ ಅವಳ ಮುಂದೆಯೂ ಎದ್ದು ನಿಂತ. ಯಾರೊಡನೆಯೂ ಮಾತಿಲ್ಲ. ಬಾಗಿಲು ಮುಚ್ಚಿದ್ದರೆ ತೆಗೆಯುತ್ತಿರಲಿಲ್ಲ, ಯಾರಾದರೂ ಬಂದು ತೆಗೆಯಲಿ ಎಂದು ಕಾಯುತ್ತಿದ್ದ. ಒಮ್ಮೆ ಮುನಿಶಾಮಮ್ಮ ಮಂಡಿಯಿಂದ ಬರುವ ತನಕ ಹಾಗೇ ಕತ್ತಲೆಯಲ್ಲಿ ಕೂತಿದ್ದ.

ಅವಳಿಗಿದ್ದದ್ದು ಒಂದೇ ಆಸೆ. ಇವನು ಈ ವಠಾರದಲ್ಲಿ ತಲೆ ಎತ್ತಿ ನಾಲ್ಕು ಜನರ ಜೊತೆ ಕೂರಬೇಕು. ಬೊಂಬಾಯಿಯ ಸುಳ್ಳನ್ನು ಹೊತ್ತುಕೊಂಡು ಅದು ಆಗುವಂತಿರಲಿಲ್ಲ. ಹಾಗಾಗಿ, ಸಿನಿಮಾ ಬಂಗಾರಪೇಟೆಯ ಟೆಂಟಿಗೆ ಬರುತ್ತದೆಂದು ಗಾಡಿಯಲ್ಲಿ ತಮಟೆ ಬಡಿದು ಸಾರಿದ ದಿನ, ಅವಳು ವಠಾರದ ಬಾವಿಕಟ್ಟೆಯ ಹತ್ತಿರ ನಿಂತು ಎಲ್ಲವನ್ನೂ ತಾನಾಗಿಯೇ ಹೇಳಿಬಿಟ್ಟಳು. ಬೊಂಬಾಯಿ ಸುಳ್ಳು. ಜೈಲು ನಿಜ. "ಆದ್ರೆ ತಪ್ಪು ಮಾಡಿ ಒಳಗೋದವನಲ್ಲ. ನನ್ ಮಾತು ನಂಬಬೇಡಿ, ಸಿನಿಮಾ ನೋಡಿ. ನಮ್ದೇ ಕತೆ. ನೋಡಿದ್ರೆ ನಿಮ್ಗೇ ತಿಳೀತದೆ," ಅಂದಳು. ವರಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡು, "ಇಷ್ಟು ದಿನ ಒಬ್ಳೇ ಎಂಗೆ ತಡ್ಕಂಡ್ಯೇ?" ಅಂದಳು.

ಇಡೀ ವಠಾರ ಮೊದಲ ಆಟಕ್ಕೆ ಹೊರಟಿತು. ಕೋದಂಡಪ್ಪ ಬರುವುದಿಲ್ಲ ಎಂದ. "ಬಾರಯ್ಯ, ನಿನ್ ಪರವಾಗಿ ಯೋಳ್ತಾರೆ ನೋಡುವಂತೆ," ಎಂದು ಹೊಸ ಅಂಗಿ ತೊಡಿಸಿ ಎಬ್ಬಿಸಿದವಳು ಮುನಿಶಾಮಮ್ಮನೇ. ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಮೊಳಕಾಲೆತ್ತರದ ಗೋಡೆ. ಅವಳು ಮರಳಿನ ಮೇಲೆ ವರಲಕ್ಷ್ಮಮ್ಮನ ಪಕ್ಕ ಕೂತಳು. ಪರದೆಯ ಮೇಲೆ ಅಕ್ಷರ ಮೂಡಿದಾಗ ವರಲಕ್ಷ್ಮಮ್ಮ ಜೋರಾಗಿ ಓದಿದಳು. "ನಿಜವಾಗಿ ನಡೆದ ಕತೆಯಂತೆ ಕಣ್ರೇ." ಹೆಂಗಸರೆಲ್ಲ ತಿರುಗಿ ಮುನಿಶಾಮಮ್ಮನನ್ನು ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು.

ದಿಬ್ಬ ಕಂಡಿತು, ಲೈನು ಕಂಡಿತು. ಹೆಸರು ಬೇರೆ ಇಟ್ಟಿದ್ದರು, ಇರಲಿ. ಕಾವಲುಗಾರನೂ ಕಾರ್ಮಿಕನೂ ಸೇರಿ ಚಿನ್ನ ಕದಿಯುತ್ತಿದ್ದರು. ಇದೇನಿದು ಎಂದುಕೊಂಡಳು, ಮುಂದೆ ಸರಿಹೋಗಬಹುದು ಎಂದು ಕಾದಳು. ಪಾಲಿಗಾಗಿ ಜಗಳವಾಯಿತು. ಗಂಡನ ಪಾತ್ರದವನು ದಿಬ್ಬದ ಹಿಂದೆ ಕಬ್ಬಿಣದ ಸರಳು ಎತ್ತಿದ. ಗಂಡಸರ ಕಡೆಯಿಂದ ಸಿಳ್ಳೆ ಬಂತು.

ಆಮೇಲೆ ಹೊಸಿಲು. ಎಲ್ಲವೂ ಅವಳು ತೋರಿಸಿಕೊಟ್ಟ ಹಾಗೆಯೇ ಇತ್ತು. ನಟಿ ದೂರ ನಿಂತಳು, ಮುಟ್ಟಲಿಲ್ಲ, ಮುಖ ನೋಡಲಿಲ್ಲ. ಬಿಂದಿಗೆ ಎತ್ತುವ ಮೊದಲು ಆ ಕಡೆ ಈ ಕಡೆ ನೋಡಿ, ಹಲ್ಲು ಕಚ್ಚಿಕೊಂಡು ಒಂದೇ ಒಂದು ಮಾತು ಕೇಳಿದಳು. "ಯಾರಾದರೂ ನೋಡಿದರಾ?" ಅವನು ಇಲ್ಲವೆಂದು ತಲೆಯಾಡಿಸಿದ. ನೀರು ಸುರಿಯಿತು. ಕೋಲಿನಿಂದ ಬಟ್ಟೆ ಎತ್ತಿದಳು. ಮೋರಿಯಲ್ಲಿ ಕಪ್ಪು ನೀರು ಪರದೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಟೆಂಟಿನಲ್ಲಿ ಒಂದು ಮಗುವೂ ಅಳಲಿಲ್ಲ. ಹಿಂದಿನಿಂದ ಯಾರೋ, "ಎಂಥಾ ಗಟ್ಟಿ ಎಂಗಸಪ್ಪ," ಅಂದರು.

ವರಲಕ್ಷ್ಮಮ್ಮ ಸ್ವಲ್ಪ ಸರಿದು ಕೂತಳು. ಬೇಕೆಂದು ಮಾಡಿದ್ದಲ್ಲ, ಮೈಯೇ ಸರಿಯಿತು. ಮುನಿಶಾಮಮ್ಮನಿಗೆ ಎದ್ದು ಕೂಗಬೇಕೆನಿಸಿತು. ಆದರೆ ಕೂಗಿ ಏನು ಹೇಳುವುದು? ನೀರು ಸುರಿದಿಲ್ಲ ಎನ್ನಲೇ, ಒಗೆದಿಲ್ಲ ಎನ್ನಲೇ? ಕೋರ್ಟಿನಲ್ಲಿ ಕಟ್ಟಿದ ಬಾಯಿ ಇಲ್ಲಿಯೂ ಕಟ್ಟಿತು. ಗಂಡನ ಮುಖ ನೋಡೋಣವೆಂದರೆ ಗೋಡೆಯ ಆಚೆ ಬರೀ ತಲೆಗಳು.

ಮನೆಗೆ ಬಂದು ಕೋದಂಡಪ್ಪ ಹೊಸ ಅಂಗಿ ಕಳಚಿಟ್ಟು ಮಲಗಿದ. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟುಕೊಟ್ಟರು. ಮುಂಚೆ ಎಂದೂ ಬಿಟ್ಟವರಲ್ಲ, ನೂಕಾಡಿಯೇ ನೀರು ಸೇದುತ್ತಿದ್ದವರು. ಆ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬಿಂದಿಗೆಯನ್ನು ಮನೆಯಲ್ಲಿ ಕುಕ್ಕಿ, ಬೂದಿಕೋಟೆಯ ಬಸ್ಸು ಹತ್ತಿದಳು.

ಶ್ರೀನಿವಾಸಪ್ಪ ತನ್ನ ಅಪ್ಪನ ಮನೆಯ ಜಗುಲಿಯ ಮೇಲೆ ಕೂತಿದ್ದ. ಸಿನಿಮಾ ಚೆನ್ನಾಗಿ ಓಡುತ್ತಿದ್ದರೂ ಮುಖ ಹಾಲು ಕೊಡದ ಎಮ್ಮೆಯ ಯಜಮಾನನಂತಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ. ಅವಳು ಕೂರಲಿಲ್ಲ.

"ಯಾರಾದ್ರೂ ನೋಡಿದ್ರಾ ಅಂತ ನಾನ್ಯಾವಾಗ್ಲಾ ಕೇಳ್ದೆ?" ಅಂದಳು.

"ಕೇಳಿಲ್ಲ ಅಕ್ಕ. ನೀವು ಹೇಳ್ದಂಗೇ ಬರ್ದಿದ್ದೆ, ಹಂಗೇ ತೆಗ್ದೂ ಇದ್ದೆ. ದುಡ್ಡು ಹಾಕಿದೋರು ನೋಡಿ, ಹಾಗಾದ್ರೆ ಕೊಂದೋನು ಯಾರು ಅಂದ್ರು. ಯಾರಿಗೂ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂತ ಮುಗಿಸಿದ್ರೆ ಜನ ಟೆಂಟ್‌ಗೆ ಬೆಂಕಿ ಇಡ್ತಾರೆ, ಕೋರ್ಟು ಒಬ್ಬನನ್ನ ಕೊಟ್ಟಿದೆಯಲ್ಲ, ಅವನೇ ಇರ್ಲಿ ಅಂದ್ರು. ಇಲ್ಲಾಂದ್ರೆ ಬೇರೆಯೋರ ಕೈಲಿ ಮುಗಿಸ್ತೀವಿ ಅಂದ್ರು. ಮಿಕ್ಕಿದ್ದನ್ನೆಲ್ಲ ಮತ್ತೆ ಶೂಟಿಂಗ್ ಮಾಡಿಸಿದ್ರು. ನಿಮ್ ಸೀನು ಒಂದನ್ನ ಮಾತ್ರ ಮುಟ್ಟಬೇಡಿ ಅಂತ ಕಾಲು ಹಿಡ್ಕಂಡೆ. ಅದಕ್ಕೆ ಅದೊಂದು ಮಾತು ಸೇರಿಸಿ ಉಳಿಸ್ಕೊಂಡ್ರು."

"ಆ ಮಾತು ಕಿತ್ತಾಕು. ಇನ್ನೇನೂ ಕೇಳಾಕಿಲ್ಲ. ನಮ್ಮೂರ ಟೆಂಟಿಂದ ಮಾತ್ರ ಕಿತ್ತಾಕು."

"ರೀಲು ನನ್ ಕೈಲಿಲ್ಲ ಅಕ್ಕ. ಒಂದ್ ಸಲ ಆಚೆ ಹೋದ್ಮೇಲೆ ನಾನೂ ಟಿಕೀಟು ತಗೊಂಡೇ ನೋಡ್ಬೇಕು."

ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಮುನಿಶಾಮಮ್ಮನಿಗೆ ಅದನ್ನು ನೋಡಿ ತಡೆಯಲಾರದ ಸಿಟ್ಟು ಬಂತು. ಅಳುವ ಸರದಿಯನ್ನೂ ಅವನೇ ತೆಗೆದುಕೊಂಡಿದ್ದ. ಎರಡು ಬಾರಿಸಿಬಿಡೋಣ ಎನಿಸಿತು. ಆದರೆ ಅವನ ತಾಯಿ ಒಳಗಿಂದ ಮಜ್ಜಿಗೆ ತಂದು, "ಬಿಸಿಲಾಗೆ ಬಂದಿದ್ದೀಯ, ಕುಡಿಯಮ್ಮ," ಅಂದಳು. ಕುಡಿದಳು. ಲೋಟ ಕೊಟ್ಟು ಬಸ್ಸಿಗೆ ಬಂದಳು. ಬಂದದ್ದಕ್ಕೆ ಆದ ಲಾಭ ಆ ಮಜ್ಜಿಗೆಯಷ್ಟೇ.

ಬಂಗಾರಪೇಟೆ ತಲುಪುವಾಗ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ಅವಳು ಬೇರೆ ಊರುಗಳ ಹೆಸರನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಳು. ಮಾಲೂರು, ಮುಳಬಾಗಿಲು, ಗಡಿ ದಾಟಿ ಕುಪ್ಪಂ. ಎಲ್ಲ ಕಡೆಯೂ ಟೆಂಟು ಇದ್ದೇ ಇತ್ತು. ವಠಾರದ ಬಾಗಿಲಿಗೆ ಬಂದು ನೋಡಿದರೆ ಜಗುಲಿಯ ಮೇಲೆ ಗಂಡಸರು ಗುಂಪಾಗಿ ಕೂತಿದ್ದರು. ನಡುವೆ ಕೋದಂಡಪ್ಪ ಕೂತಿದ್ದ. ಹೌದು, ಕೂತಿದ್ದ, ಯಾರಿಗೂ ಎದ್ದು ನಿಂತಿರಲಿಲ್ಲ. ಕೈಯಲ್ಲಿ ಟೀ ಇತ್ತು, ಬೆರಳ ಸಂದಿಯಲ್ಲಿ ಯಾರೋ ಕೊಟ್ಟ ಬೀಡಿ. ಜೈಲಿನಿಂದ ಬಂದ ಮೇಲೆ ಅವನು ಹೀಗೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಹತ್ತಿರ ಹೋದಾಗ ಮಾತು ಕೇಳಿಸಿತು.

"...ಸರಳು ಎತ್ತಿದ್ನಾ, ಅವ್ನು ಕೈ ಅಡ್ಡ ಇಟ್ಟ. ಆಗ್ಲೇ ಬಿಟ್ಬಿಡ್ಬೋದಿತ್ತು. ಪಾಲಲ್ಲಿ ಮೋಸ ಮಾಡಿದ್ನಲ್ಲ, ಅದೇ ತಲೇಲಿತ್ತು ನೋಡು," ಅನ್ನುತ್ತಿದ್ದ ಕೋದಂಡಪ್ಪ. ಕೇಳುತ್ತಿದ್ದವರ ಬಾಯಲ್ಲಿ ಬೀಡಿ ಆರಿಹೋಗಿತ್ತು. ಒಬ್ಬನು ಗೌರವದಿಂದ, "ಎದರಿಕೆ ಆಗ್ಲಿಲ್ವಾ ಅಣ್ಣ?" ಎಂದು ಕೇಳಿದ.

ಮುನಿಶಾಮಮ್ಮ ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಕದ ಹಾಕಿದಳು.

"ನಿಂಗೇನು ತಲೆ ಕೆಟ್ಟದಾ? ನೀನೇ ಅಂಗೆ ಯೋಳಿದ್ರೆ ನಾನು ಯಾರ ಅತ್ರ ಓಗಿ ಬಡ್ಕಳ್ಳಲಿ?"

ಕೋದಂಡಪ್ಪ ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿ, ಉಳಿದ ತುಂಡನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಅವನಿಗೆ ಸಿಟ್ಟಿರಲಿಲ್ಲ.

"ಜೈಲಾಗೆ ಮೊದಲ್ನೇ ವರ್ಷ ಎಲ್ರಿಗೂ ಯೋಳಿದೆ, ಮಾಡಿಲ್ಲ ಅಂತ. ನಕ್ಕರು. ಅಲ್ಲಿರೋರೆಲ್ಲ ಅಂಗೇ ಅಂತಾರಲ್ಲ. ಮಾಡಿಲ್ಲ ಅಂದ್ರೆ ಜನ ಎದ್ದೋಗ್ತಾರೆ ಕಣೇ. ಮಾಡ್ದೆ ಅಂದ್ರೆ ಕೂತ್ಕತಾರೆ. ಇವತ್ತು ಬೆಳಿಗ್ಗೆ ಸಿನಿಮಾದಾಗೆ ಇದ್ದದ್ದು ನಿಜವಾ ಅಂತ ಕೇಳಿದ್ರು. ಊಂ ಅಂದೆ. ಟೀ ತಂದ್ಕೊಟ್ರು."

"ನೀನು ಮಾಡಿಲ್ಲ," ಅಂದಳು ಅವಳು. "ಪ್ರಾಣ ಬಿಡೋನಿಗೆ ತೊಡೆ ಕೊಟ್ಟೆ. ಅಷ್ಟೇ ನೀನು ಮಾಡಿದ್ದು."

"ಊಂ. ಅಷ್ಟಕ್ಕೆ ಯಾರಾದ್ರೂ ಅಷ್ಟು ವರ್ಷ ಒಳಗಿರ್ತಾರಾ? ನಿನ್ನೆ ಆ ಸಿನಿಮಾದವನು ಸರಳು ಎತ್ತಿದಾಗ ನಂಗೆ ಒಂಥರಾ ನೆಮ್ಮದಿ ಆಯ್ತು ಮುನ್ಶಾಮಿ. ಅವ್ನು ಒಡೆದ, ಒಳಗೋದ. ಸರಿಯಾಗೋಯ್ತು. ನಂದು ಯಾವ ಕಡೆಯಿಂದ್ಲೂ ಸರಿಯಾಗ್ಲಿಲ್ಲ."

"ಅಂಗನ್ಬೇಡ. ನೀನು ಮಾಡಿಲ್ಲ ಅಂತ ಗೊತ್ತಿರೋದು ಈ ಲೋಕದಾಗೆ ನಮ್ಮಿಬ್ರಿಗೇ ಕಣಯ್ಯ."

"ಇನ್ಮೇಲೆ ನಿಂಗೊಬ್ಳಿಗೇ ಇರ್ಲಿ," ಅಂದ ಕೋದಂಡಪ್ಪ. "ನಂಗೆ ಸಾಕಾಗೋಯ್ತು."

ಹೊರಗಿನಿಂದ ಯಾರೋ, "ಕೋದಂಡಣ್ಣ, ಟೀ ಆರೋಗ್ತದೆ ಬಾರಣ್ಣ," ಎಂದು ಕರೆದರು. ಅವನು ಎದ್ದ. ಮುಚ್ಚಿದ ಕದವನ್ನು, ಯಾರಿಗೂ ಕಾಯದೆ, ತಾನೇ ತೆಗೆದುಕೊಂಡು ಹೊರಗೆ ಹೋದ. ಅವಳು ಬಯಸಿದ್ದು ಅದನ್ನೇ ಅಲ್ಲವೇ, ಅವನು ನಾಲ್ಕು ಜನರ ಜೊತೆ ಕೂರಲಿ ಎಂದು? ತಡೆಯಲು ಎತ್ತಿದ ಕೈಯನ್ನು ಅವಳು ಇಳಿಸಿದಳು. ಜಗುಲಿಯಲ್ಲಿ ಜನ ಸರಿದು ಜಾಗ ಮಾಡಿಕೊಟ್ಟ ಸದ್ದಾಯಿತು. ಆಮೇಲೆ ಗಂಡನ ದನಿ, ಮದುವೆಯಾದ ಹೊಸತರಲ್ಲಿ ಇದ್ದಂಥ ಗಟ್ಟಿ ದನಿ, ಬಿಟ್ಟಲ್ಲಿಂದ ಮುಂದುವರಿಸಿ ಹೇಳತೊಡಗಿತು. ಮುನಿಶಾಮಮ್ಮ ಒಳಗೆ ನಿಂತು, ಅವನು ಮಾಡದೇ ಇದ್ದದ್ದನ್ನು ಪೂರ್ತಿಯಾಗಿ ಕೇಳಿಸಿಕೊಂಡಳು.